ಹಿಂದಿನ ದಿನವೇ ಬರೆದ ವರದಿ

ಚಿತ್ರ ಶುರುವಾಗಿ ಹದಿನೇಳನೆಯ ನಿಮಿಷಕ್ಕೆ ಅವರು ಕನ್ನಡಕ ತೆಗೆದು, ಮಡಚಿ, ಜುಬ್ಬದ ಎಡಜೇಬಿಗೆ ಹಾಕುತ್ತಿದ್ದರು. ಹದಿನೆಂಟನೆಯ ನಿಮಿಷಕ್ಕೆ ಅಳುತ್ತಿದ್ದರು. ಕಣ್ಣೀರು ನಿಜವಾದದ್ದೇ, ಪಕ್ಕದಲ್ಲೇ ಕುಳಿತು ನೋಡಿದ್ದೇನೆ. ಆದರೆ ಕನ್ನಡಕ ಯಾವಾಗಲೂ ಕಣ್ಣೀರಿಗಿಂತ ಒಂದು ನಿಮಿಷ ಮೊದಲು ಕೆಳಗಿಳಿಯುತ್ತಿತ್ತು. ಚಿತ್ರ ಅಲ್ಲಿಯವರೆಗೆ ಓಡಿದ ಯಾವ ಊರಿನಲ್ಲೂ ಇದು ತಪ್ಪಿದ್ದಿಲ್ಲ.

ಅವರು ಕಳೆದ ತಿಂಗಳು ಮೈಸೂರಿನಲ್ಲಿ ತೀರಿಕೊಂಡರು. ನೆನಪಿನ ಸಂಚಿಕೆ ತರುವವರು ನನಗೂ ಕಾಗದ ಬರೆದಿದ್ದಾರೆ. ‘ತಾವು ಅವರ ಬಲಗೈ ಆಗಿದ್ದಿರಿ, ಅವರ ಮಾನವೀಯ ಮುಖದ ಬಗ್ಗೆ ಒಂದು ಬರಹ ಕೊಡಬೇಕು’ ಎಂದು. ಬಲಗೈ ಎಂದದ್ದು ಸರಿ. ಅವರು ಹೇಳಿದ್ದನ್ನೆಲ್ಲ ಬರೆಯುತ್ತಿದ್ದವಳು ನಾನೇ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸಂಚಿಕೆಯ ಉಳಿದ ಪುಟಗಳಲ್ಲಿ ಅದು ಬೇಕಾದಷ್ಟು ಸಲ ಬರುತ್ತದೆ.

ನಾನು ಎಂ.ಎ. ಮುಗಿಸಿ ಕಾರ್ಕಳದ ಮನೆಯಲ್ಲಿ ಸುಮ್ಮನೆ ಕುಳಿತಿದ್ದ ವರ್ಷ ಅದು. ಮಣಿಪಾಲದಲ್ಲಿ ಅವರದ್ದೊಂದು ಎರಡು ಕೋಣೆಯ ಕಚೇರಿ ಇತ್ತು. ಜಗಳವಾದ ಊರುಗಳಿಗೆ ಹೋಗಿ ಪರದೆ ಕಟ್ಟಿ ಸಿನಿಮಾ ತೋರಿಸುವುದು, ಆಮೇಲೆ ಎರಡೂ ಕಡೆಯವರನ್ನು ಕೂರಿಸಿ ಚರ್ಚೆ ನಡೆಸುವುದು, ಆ ಮೂಲಕ ಸೌಹಾರ್ದ ಬೆಳೆಸುವುದು ಕೆಲಸ. ಸಂದರ್ಶನದಲ್ಲಿ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: ಅಕ್ಷರ ದುಂಡಗಿದೆಯೇ, ತುಳು ಬರುತ್ತದೆಯೇ. ಅವರು ಘಟ್ಟದ ಮೇಲಿನವರು. ಒಂಬತ್ತು ವರ್ಷ ಈ ಕಡೆಯಲ್ಲಿದ್ದೂ ತುಳು ಕಲಿತಿರಲಿಲ್ಲ. “ಪ್ರೀತಿಗೆ ಭಾಷೆ ಬೇಕಾಗಿಲ್ಲಮ್ಮ” ಎನ್ನುತ್ತಿದ್ದರು. ಸ್ನಾನಕ್ಕೆ ಬಿಸಿನೀರು ಬೇಕಾದಾಗ ಮಾತ್ರ ಬೇಕಾಗುತ್ತಿತ್ತು. ಆಗ ನನ್ನನ್ನು ಕರೆಯುತ್ತಿದ್ದರು.

ನಮ್ಮ ಬಳಿ ಇದ್ದದ್ದು ಒಂದೇ ಚಿತ್ರ. ಎರಡು ಊರು, ನಡುವೆ ಒಂದು ಬಾವಿ, ಅದಕ್ಕಾಗಿ ಹೊಡೆದಾಟ, ಒಂದು ಮಗುವಿನ ಸಾವು, ಕೊನೆಗೆ ಎರಡೂ ಊರಿನವರು ಒಂದೇ ಹಗ್ಗ ಹಿಡಿದು ನೀರು ಸೇದುವುದು. ಮಾತೆಲ್ಲ ಹಿಂದಿ. ಮನೆಗೊಂದು ಬಾವಿ ಇರುವ, ಹತ್ತು ಕೋಲು ತೋಡಿದರೆ ನೀರು ಬರುವ ನಮ್ಮ ಊರುಗಳಲ್ಲಿ ಈ ಜಗಳ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಚಿತ್ರ ಮುಗಿದ ಮೇಲೆ ಅವರು ಪರದೆಯ ಮುಂದೆ ನಿಂತು, ಕೈ ಜೋಡಿಸಿ, “ಈ ಚಿತ್ರ ನಿಮ್ಮ ಹೃದಯಕ್ಕೆ ಏನು ಹೇಳಿತು?” ಎಂದು ಕೇಳುತ್ತಿದ್ದರು. ಉಚ್ಚಿಲದಲ್ಲಿ ಒಬ್ಬರು ಮುದುಕರು ಎದ್ದು ನಿಂತು, ಬಹಳ ಯೋಚಿಸಿ, “ಅಲ್ಲ ಮಾರಾಯ್ರೆ, ಇವರಿಗೆ ಇನ್ನೊಂದು ಬಾವಿ ತೋಡ್ಲಿಕ್ಕೆ ಎಂತ ದಾಡಿ?” ಎಂದರು. ಜನ ನಕ್ಕು ಎದ್ದುಹೋದರು. ವರದಿಯಲ್ಲಿ ಆ ಮಾತು ‘ಹಿರಿಯರೊಬ್ಬರು ಹೊಸ ನೀರಿನ ಸೆಲೆಗಳನ್ನು ಹುಡುಕುವ ಅಗತ್ಯವನ್ನು ಮನಮುಟ್ಟುವಂತೆ ವಿವರಿಸಿದರು’ ಎಂದಾಯಿತು.

ಅದು ವರದಿಯೊಳಗೆ ಬಂದದ್ದೇ ಹೆಚ್ಚು. ಏಕೆಂದರೆ ನಮ್ಮ ವರದಿಗಳು ಪ್ರದರ್ಶನದ ಹಿಂದಿನ ದಿನವೇ ತಯಾರಾಗಿರುತ್ತಿದ್ದವು. ಮಧ್ಯಾಹ್ನದ ಊಟವಾದ ಮೇಲೆ ಅವರು ಕಿಟಕಿಯ ಬಳಿ ನಿಂತು ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ಹಿನ್ನೆಲೆ, ಪ್ರದರ್ಶನ, ಚರ್ಚೆ, ಪರಿಣಾಮ. ಯಾರು ಎದ್ದು ನಿಂತು ಏನು ಹೇಳಿದರು, ಯಾರ ಗಂಟಲು ಕಟ್ಟಿತು, ಯಾರು ಯಾರ ಕೈ ಹಿಡಿದರು, ಎಲ್ಲವೂ ಅದರಲ್ಲಿ ಇರುತ್ತಿತ್ತು. ಎಷ್ಟು ಜನ ಬಂದರು ಎಂಬ ಜಾಗವನ್ನು ಮಾತ್ರ ಖಾಲಿ ಬಿಡುತ್ತಿದ್ದೆವು. ಮೊದಲ ಸಲ ನಾನು, “ಸರ್, ಇದು ಇನ್ನೂ ನಡೆದಿಲ್ಲವಲ್ಲ” ಎಂದೆ. ಅವರು ಬೇಸರಿಸದೆ, ಕರುಣೆಯಿಂದ ನಕ್ಕರು. “ನೋಡಮ್ಮ, ಮನುಷ್ಯರ ಮನಸ್ಸು ಎಲ್ಲಿಯಾದರೂ ಒಂದೇ. ನಾಳೆ ಬೇರೆ ಏನು ನಡೆಯಲು ಸಾಧ್ಯ?”

ಕಾರ್ಕಳದಲ್ಲಿ ಒಂದು ಕಾಲುದಾರಿಯ ವಿಷಯಕ್ಕೆ ಎರಡು ಕೇರಿಗಳ ನಡುವೆ ಮಾತುಕತೆ ನಿಂತಿತ್ತು. ಶಾಲೆಯ ಅಂಗಳದಲ್ಲಿ ಪರದೆ ಕಟ್ಟಿದೆವು. ಏಳು ಗಂಟೆಗೆ ಕರೆಂಟು ಹೋಯಿತು. ಒಂಬತ್ತಾದರೂ ಬರಲಿಲ್ಲ. ಜನ ಮನೆಗೆ ಹೋದರು, ನಾವು ಮಣಿಪಾಲಕ್ಕೆ ಬಂದೆವು. ಮರುದಿನ ಅವರು ಸಿದ್ಧವಿದ್ದ ವರದಿಯನ್ನು ತೆಗೆದುಕೊಂಡು, ಖಾಲಿ ಜಾಗದಲ್ಲಿ ಒಂದು ಸಂಖ್ಯೆ ತುಂಬಿಸಿ, ಸಹಿ ಹಾಕಿ ಹಣ ಕೊಡುವವರಿಗೆ ಕಳಿಸಿದರು. ನಾನು ಮುಖ ನೋಡಿದೆ. “ಕರೆಂಟು ಇದ್ದಿದ್ದರೆ ಹೀಗೇ ಆಗುತ್ತಿತ್ತು, ಅಲ್ಲವೇ?” ಎಂದರು. ಅವರಿಗೆ ಅದರಲ್ಲಿ ಒಂದಿಷ್ಟೂ ಸಂಶಯವಿರಲಿಲ್ಲ. ಸುಳ್ಳು ಹೇಳುವವರಿಗೆ ಇರುವ ಅಳುಕಾದರೂ ಇದ್ದಿದ್ದರೆ ನಾನು ಅವರನ್ನು ಇಷ್ಟು ಹೀನವಾಗಿ ಕಾಣುತ್ತಿರಲಿಲ್ಲ.

ಹೇಡಿಯಲ್ಲ, ಅದನ್ನು ಹೇಳಬೇಕು. ಕಲ್ಯಾಣಪುರದಲ್ಲಿ ಯಾರೋ ಪರದೆಗೆ ಕಲ್ಲು ಹೊಡೆದಾಗ ಅವರು ಓಡಲಿಲ್ಲ. ಎದ್ದು ಹೋಗಿ ಪರದೆಯ ಮುಂದೆ ಕೈ ಅಗಲಿಸಿ ನಿಂತರು. ಆದರೆ ನಿಲ್ಲುವ ಮೊದಲು ಎರಡು ಹೆಜ್ಜೆ ಎಡಕ್ಕೆ ಸರಿದರು. ಪ್ರೊಜೆಕ್ಟರಿನ ಬೆಳಕು ಸರಿಯಾಗಿ ಮುಖಕ್ಕೆ ಬೀಳುವುದು ಅಲ್ಲಿಯೇ.

ಪ್ರದರ್ಶನಕ್ಕೆ ಮುಂಚೆ ಎರಡೂ ಕಡೆಯವರ ಮನೆಗಳಿಗೆ ಭೇಟಿ ಕೊಡುವ ಕ್ರಮವಿತ್ತು. ಹೋದಲ್ಲೆಲ್ಲ ಚಾ ತರುತ್ತಿದ್ದರು. ಅವರು ಎದೆಯ ಮೇಲೆ ಕೈಯಿಟ್ಟು, “ಇವತ್ತು ಸ್ವಲ್ಪ ಹೊಟ್ಟೆ ಸರಿಯಿಲ್ಲ, ತಪ್ಪು ತಿಳಿಯಬೇಡಿ” ಎನ್ನುತ್ತಿದ್ದರು. ವ್ಯಾನಿಗೆ ಬಂದು ತಮ್ಮ ಥರ್ಮಾಸಿನಿಂದ ಕಾಫಿ ಕುಡಿಯುತ್ತಿದ್ದರು. ಈ ಒಂದು ವಿಷಯದಲ್ಲಿ ಅವರು ಎಲ್ಲ ಕೋಮುಗಳನ್ನೂ ಸಮಾನವಾಗಿ ಕಂಡರು. ಅವರ ಪಾಲಿನ ಚಾವನ್ನೂ ಪ್ರೊಜೆಕ್ಟರ್ ಆಪರೇಟರ್ ಜೋಕಿಂ ತಾನೇ ಕುಡಿದು, “ಸಾರಿನ ಹೊಟ್ಟೆಗೆ ನನ್ನ ಹೊಟ್ಟೆ ಜಾಮೀನು” ಎಂದು ಮನೆಯವರನ್ನು ನಗಿಸುತ್ತಿದ್ದ. ಜೋಕಿಂ ಕಲ್ಯಾಣಪುರದವನು. ಮದುವೆ, ಪೆರ್ನಾಲು ಹಬ್ಬ, ಎಲ್ಲಿ ಕರೆದರೂ ಪ್ರೊಜೆಕ್ಟರ್ ಹೊತ್ತುಕೊಂಡು ಹೋಗುವವನು. ಆ ವ್ಯಾನಿನಲ್ಲಿ ಕೆಲಸ ಗೊತ್ತಿದ್ದವನು ಅವನೊಬ್ಬನೇ.

ಇನ್ನು ಕಾಪುವಿನ ವಿಷಯ. ಇದನ್ನು ಬರೆಯುವ ಮುಂಚೆ ಕಳೆದ ವಾರ ಅಲ್ಲಿಗೆ ಹೋಗಿ, ಇದು ಯಾರ ಕಥೆಯೋ ಆ ಹೆಂಗಸನ್ನೇ ಒಪ್ಪಿಗೆ ಕೇಳಿ ಬಂದಿದ್ದೇನೆ. “ಬರೀರಿ, ಈಗ ಎಂತ? ನನ್ನ ತಮ್ಮನೇ ಆಮೇಲೆ ಗುರಿಕಾರರಿಗೆ ಹೇಳಿ ಆಯ್ತಲ್ಲ. ಹೆಸರು ಮಾತ್ರ ಬೇಡ” ಎಂದರು. ಆದ್ದರಿಂದ ಗಿರಿಜಕ್ಕ ಎಂಬುದು ಅವರ ಹೆಸರಲ್ಲ, ಮುಂದೆ ಬರುವ ಅದ್ದು ಎಂಬುದೂ ನಿಜವಾದ ಹೆಸರಲ್ಲ. ಕೇಳಿ ಬರಲು ನನಗೆ ಒಂದು ಬೆಳಗ್ಗೆ ಸಾಕಾಯಿತು.

ಕಾಪುವಿನ ಕಡಲ ಬದಿಯಲ್ಲಿ ಆಗ ಇನ್ನೂ ರಂಪಣಿ ಇತ್ತು. ಐವತ್ತು ಅರವತ್ತು ಜನ ದಡದಲ್ಲಿ ನಿಂತು ಎಳೆಯುವ ದೊಡ್ಡ ಬಲೆ, ಹಲವು ಮನೆಗಳಿಗೆ ಸೇರಿದ್ದು. ಬಂದ ಮೀನನ್ನು ಹೆಂಗಸರು ಬುಟ್ಟಿಯಲ್ಲಿ ಪೇಟೆಗೆ ಒಯ್ಯುತ್ತಿದ್ದರು. ಉಳಿದದ್ದನ್ನು ಬ್ಯಾರಿಗಳು, ಅಂದರೆ ಈ ಕಡೆಯ ಮುಸ್ಲಿಂ ವ್ಯಾಪಾರಿಗಳು, ಸೈಕಲ್ಲಿನಲ್ಲಿ ಶಿರ್ವದವರೆಗೆ ಒಯ್ದು ಮಾರುತ್ತಿದ್ದರು. ಒಂದು ರಾತ್ರಿ ಬಲೆ ಇಡುವ ಚಪ್ಪರಕ್ಕೆ ಬೆಂಕಿ ಬಿತ್ತು, ಬಲೆಯ ಅರ್ಧ ಸುಟ್ಟುಹೋಯಿತು. ಹಿಂದಿನ ದಿನ ತೂಕದ ವಿಷಯಕ್ಕೆ ಒಬ್ಬ ಬ್ಯಾರಿಯೊಂದಿಗೆ ಜಗಳವಾಗಿತ್ತು. ಅಷ್ಟು ಸಾಕಾಯಿತು. ಬ್ಯಾರಿಗಳು ದಡಕ್ಕೆ ಬರಕೂಡದು ಎಂದು ದಡದವರ ಮುಖಂಡರಾದ ಗುರಿಕಾರರು ಹೇಳಿದರು. ಕಡಲ ಬದಿಯಲ್ಲಿ ಗುರಿಕಾರರ ಮಾತೇ ಕೊನೆಯದು. ಬ್ಯಾರಿಗಳೂ ಬೆಂಕಿ ಇಟ್ಟವರೆನಿಸಿಕೊಂಡು ಬರುವುದಿಲ್ಲ ಎಂದರು. ಉಳಿದ ಬಲೆಗೆ ಬಿದ್ದ ಮೀನು ಒಯ್ಯುವವರಿಲ್ಲದೆ ಇಪ್ಪತ್ತು ದಿನ ದಡದಲ್ಲೇ ಹಾಳಾಯಿತು.

ಎರಡೂ ಕಡೆಯವರು ಸಿನಿಮಾಕ್ಕೆ ಒಪ್ಪಿದರು, ಒಟ್ಟಿಗೆ ಕೂರಲು ಒಪ್ಪಲಿಲ್ಲ. ಕೊನೆಗೆ ದಡದವರು ಪರದೆಯ ಈಚೆ, ಬ್ಯಾರಿಗಳು ಆಚೆ. ತೆಳು ಬಟ್ಟೆಯ ಪರದೆಯಲ್ಲಿ ಹಿಂದಿನಿಂದಲೂ ಚಿತ್ರ ಕಾಣುತ್ತದೆ, ತಿರುಗುಮುರುಗಾಗಿ. “ನಾವೇನು ಹಿಂದಿನ ಬಾಗಿಲಿನವರಾ?” ಎಂದು ಆಚೆಯವರು ತಕರಾರು ತೆಗೆದರು. ಅದಕ್ಕೆ ದಾರಿ ಕಂಡದ್ದು ಜೋಕಿಂ. “ಎರಡು ರೀಲು ಉಂಟಲ್ಲ. ಮೊದಲನೆಯದ್ದು ಈಚೆಯಿಂದ ಬಿಡ್ತೇನೆ. ರೀಲು ಬದಲಿಸುವಾಗ ಮೇಜು ಸಮೇತ ಆಚೆ ಬರ್ತೇನೆ. ಅರ್ಧ ಅರ್ಧ. ಆಯ್ತಾ?” ಆಯ್ತು ಎಂದರು. ‘ಉಭಯ ಕೋಮಿನವರು ಭೇದ ಮರೆತು ಒಟ್ಟಿಗೆ ಕುಳಿತು ವೀಕ್ಷಿಸಿದರು’ ಎಂಬ ವಾಕ್ಯ ಆಗಲೇ ನನ್ನ ಚೀಲದಲ್ಲಿತ್ತು.

ಹದಿನೇಳನೆಯ ನಿಮಿಷ, ಕನ್ನಡಕ, ಹದಿನೆಂಟನೆಯ ನಿಮಿಷ. ಮೊದಲ ರೀಲು ಮುಗಿಯಿತು. ಜೋಕಿಂ ದೀಪ ಹಾಕಲಿಲ್ಲ. ಇದ್ದ ಒಂದೇ ವಯರನ್ನು ಆಚೆಗೆ ಎಳೆಯಬೇಕಿತ್ತು. ಹತ್ತು ನಿಮಿಷ ಕತ್ತಲೆ. ನಾನು ಪರದೆಯ ಕಂಬದ ಬುಡದಲ್ಲಿ ಕುಳಿತಿದ್ದೆ. ನನ್ನ ಪಕ್ಕದಲ್ಲಿ ಮೀನು ಮಾರುವ ಗಿರಿಜಕ್ಕ.

ಅವರು ಬಟ್ಟೆಯ ಕಡೆ ಮುಖ ಮಾಡಿ ತುಳುವಿನಲ್ಲಿ ಕೇಳಿದರು: “ಅದ್ದು ಬ್ಯಾರಿ ಬಂದಿದ್ದೀರಾ?”

“ಇದ್ದೇನೆ ಗಿರಿಜಕ್ಕ” ಎಂದು ಆಚೆಯಿಂದ ಉತ್ತರ ಬಂತು. “ನಿಮಗೆ ಬಾವಿ ಸರಿ ಕಾಣ್ತಿತ್ತಾ? ನಮಗೆ ಇಡೀ ಊರಿನವರು ಎಡಗೈಯಲ್ಲಿ ಉಣ್ತಿದ್ರು.”

“ಇನ್ನು ನಮ್ಮ ಸರದಿ, ನಾವು ನೋಡ್ತೇವೆ ಅದನ್ನು.”

ಪರದೆಯ ಎರಡೂ ಬದಿ ನಗು ಕೇಳಿತು. ಆಚೆಯಿಂದ ಯಾರೋ ಬೆಂಕಿಪೊಟ್ಟಣ ಕೇಳಿದರು, ಈಚೆಯಿಂದ ಯಾರೋ ಬಟ್ಟೆಯ ಅಡಿಯಲ್ಲಿ ತಳ್ಳಿದರು. ಇಂಥ ಮಾತು ಅಲ್ಲಲ್ಲಿ ಶುರುವಾದ ಮೇಲೆ ಗಿರಿಜಕ್ಕ ಬಟ್ಟೆಗೆ ಬಾಯಿ ತಾಗುವಷ್ಟು ಬಾಗಿ, ಸ್ವರ ತಗ್ಗಿಸಿದರು.

“ನಿಮ್ಮವರಲ್ಲ ಬಲೆ ಸುಟ್ಟದ್ದು. ನನ್ನ ತಮ್ಮ. ಆವತ್ತು ಕಾವಲಿಗೆ ಅವನಿದ್ದದ್ದು. ಚಾ ಮಾಡ್ಲಿಕ್ಕೆ ಅಂತ ಸ್ಟವ್ ಹಚ್ಚಿದ್ದಾನೆ, ಮಗುಚಿದೆ. ಹೆದರಿ ಹೇಳಲಿಲ್ಲ. ನಾನೂ ಹೇಳಲಿಲ್ಲ. ನಿಮಗೊಬ್ಬರಿಗೆ ಹೇಳಿದ್ದು. ನಾಳೆ ಬನ್ನಿ.”

ಆಚೆ ಯಾರೋ ಬಟ್ಟೆಯ ಹತ್ತಿರಕ್ಕೆ ಸರಿದ ಸದ್ದಾಯಿತು. ಆಮೇಲೆ, “ಬಂಗುಡೆ ಇದ್ರೆ ಇಡಿ. ಬರ್ತೇನೆ” ಎಂದು ಕೇಳಿತು.

“ಲೈಟ್! ಲೈಟ್ ಹಾಕಿ!” ಎಂದು ನಮ್ಮ ಸರ್ ಕೂಗಿದ್ದು ಆಗಲೇ. “ಯಾಕೆ ಗದ್ದಲ? ಚರ್ಚೆ ಕೊನೆಯಲ್ಲಿ ಇದೆ!” ದೀಪ ಬಂತು. ಎಲ್ಲರೂ ಪರದೆಯ ಬಳಿಯಿಂದ ಹಿಂದೆ ಸರಿದು ಕುಳಿತರು. ಎರಡನೆಯ ರೀಲು ಮುಗಿದ ಮೇಲೆ ಹೃದಯಕ್ಕೆ ಏನು ಹೇಳಿತು ಎಂದು ಕೇಳಿದಾಗ ಒಬ್ಬರೂ ಬಾಯಿ ತೆರೆಯಲಿಲ್ಲ.

ಮರುದಿನ ಅದ್ದು ಬಂದ. ಅದರ ಮರುದಿನ ಇನ್ನೂ ಎರಡು ಸೈಕಲ್ಲು ಬಂದವು. ಬಲೆಯ ಮಾತು ಯಾರೂ ಎತ್ತಲಿಲ್ಲ. ಬರಬಾರದೆಂದು ಹೇಳಿದ್ದನ್ನು ಗುರಿಕಾರರು ಹಿಂದೆ ತೆಗೆದುಕೊಳ್ಳಲಿಲ್ಲ, ಬಂದವರನ್ನು ತಡೆಯಲೂ ಇಲ್ಲ.

ನನ್ನ ತಪ್ಪು ಪ್ರದರ್ಶನದ ರಾತ್ರಿಯೇ, ವಾಪಸು ಬರುವ ವ್ಯಾನಿನಲ್ಲಿ ಆಗಿತ್ತು. “ಆ ಹೆಂಗಸು ಕತ್ತಲಲ್ಲಿ ಏನೋ ಹೇಳುತ್ತಿತ್ತಲ್ಲ, ಏನಮ್ಮ ಅದು?” ಎಂದು ಅವರು ಕೇಳಿದರು. ನಾನು ಹೇಳಿದೆ. ಅಷ್ಟೇ ಅಲ್ಲ, ನಡೆದದ್ದನ್ನು ನಡೆದ ಹಾಗೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದು, ಮೇಲೆ ‘ಹೊರಗೆ ಹೇಳುವುದಕ್ಕಲ್ಲ’ ಎಂದು ಸೇರಿಸಿ ಗೆರೆ ಎಳೆದೆ. ಒಂದೂವರೆ ವರ್ಷದಲ್ಲಿ ನಾನು ಬರೆದ ಮೊದಲ ನಿಜವಾದ ವಾಕ್ಯಗಳು ಅವು. ಬರೆಯದೆ ಬಿಡಲು ಮನಸ್ಸಾಗಲಿಲ್ಲ.

ಮೂರು ವಾರದ ನಂತರ ಉಡುಪಿಯಲ್ಲಿ ಒಂದು ಸಭೆ. ಅವರು ಭಾಷಣಕ್ಕೆ ಎದ್ದರು. ಪುಸ್ತಕ ನನ್ನ ಮೇಜಿನಿಂದ ಅವರ ಕೈಗೆ ಹೋಗಿತ್ತೆಂದು ನನಗೆ ಗೊತ್ತಾದದ್ದು ಆಗಲೇ. ಊರು, ಹೆಸರು, ತಮ್ಮ, ಸ್ಟವ್, ಎಲ್ಲ ಓದಿದರು. ಓದುವ ಮುಂಚೆ ಕನ್ನಡಕ ತೆಗೆಯಬೇಕೆಂದು ಹೋಗಿ, ಓದಲು ಅದು ಬೇಕೆಂದು ನೆನಪಾಗಿ ಮತ್ತೆ ಹಾಕಿಕೊಂಡರು. ಮರುದಿನ ಪತ್ರಿಕೆಯಲ್ಲಿ ಬಂತು.

ಐದನೆಯ ದಿನ ಸಂಜೆ ಜೋಕಿಂ ಕಚೇರಿಗೆ ಬಂದ. ಪಡುಬಿದ್ರಿಯ ಒಂದು ಮದುವೆ ಮುಗಿಸಿ ಕಾಪುವಿನಲ್ಲಿ ಇಳಿದಿದ್ದನಂತೆ. ನಿಂತೇ ಹೇಳಿದ.

“ಮಿಸ್, ಗಿರಿಜಕ್ಕನ ಬುಟ್ಟಿಗೆ ನಾಲ್ಕು ದಿನದಿಂದ ಯಾರೂ ಮೀನು ಹಾಕ್ತಾ ಇಲ್ಲ. ದಡಕ್ಕೆ ಬರ್ತಾರೆ, ನಿಲ್ತಾರೆ, ಖಾಲಿ ಬುಟ್ಟಿ ತಕೊಂಡು ಹೋಗ್ತಾರೆ. ತಮ್ಮ ಓಡಿಹೋಗಿದ್ದಾನೆ. ಬ್ಯಾರಿಗಳು ಪೇಪರು ಹಿಡ್ಕೊಂಡು ಬಂದು, ಈಗ ಎಂತ ಹೇಳ್ತೀರಿ ಅಂತ ಕೇಳಿದ್ರಂತೆ. ಪುನಃ ಹೊಡೆದಾಟಕ್ಕೆ ಬಂದಿದೆ. ನಾಡಿದ್ದು ಗುರಿಕಾರರು ಗಿರಿಜಕ್ಕನನ್ನು ಊರಿಂದ ಹೊರಗೆ ಹಾಕುವ ಮಾತು ಉಂಟು.”

ನಾನು ಒಳಕೋಣೆಗೆ ಹೋದೆ. ಅವರು ಪತ್ರಿಕೆಯ ಆ ತುಂಡನ್ನು ಕತ್ತರಿಸಿ ಅಂಟಿಸುತ್ತಿದ್ದರು.

“ಸರ್, ಪತ್ರಿಕೆಗೆ ಒಂದು ಸಾಲು ಬರೆಯೋಣ. ಹೆಸರು ತಪ್ಪಾಗಿ ಬಂತು ಎಂದು.”

“ಯಾಕಮ್ಮ? ಆಕೆಗೆ ನಾವು ಗೌರವ ಸಲ್ಲಿಸಿದ್ದೇವೆ. ಹೆಸರಿಲ್ಲದೆ ಆಕೆ ಯಾರು? ಇನ್ನೊಬ್ಬ ಮೀನಿನ ಹೆಂಗಸು.”

“ಅವರ ಬುಟ್ಟಿ ಖಾಲಿ ಇದೆ, ಸರ್.”

“ಸತ್ಯಕ್ಕೆ ಸ್ವಲ್ಪ ನೋವು ಇದ್ದದ್ದೇ.”

“ಒಂದು ಸಾಲು, ಸರ್.”

ಅವರು ಬಲಗೈಯನ್ನು ಎತ್ತಿ ನನಗೆ ತೋರಿಸಿದರು. ಬೆರಳಿಗೆ ಗೋಂದು ಅಂಟಿತ್ತು. “ಸುಳ್ಳು ಬರೆಯಲೇ? ಈ ಕೈಯಿಂದ?”

ಕಾರ್ಕಳದ ವರದಿಗೆ ಸಹಿ ಹಾಕಿದ ಕೈ ಅದೇ. ಅವರು ತಮಾಷೆ ಮಾಡುತ್ತಿರಲಿಲ್ಲ. ಆ ಗಳಿಗೆಯಲ್ಲಿ ನನಗೆ ಬಂದದ್ದು ಕೋಪವಲ್ಲ. ಚಪ್ಪಲಿಗೆ ಏನೋ ಮೆತ್ತಿಕೊಂಡಾಗ ಬರುವಂಥದ್ದು. ಅವರ ಮುಖ ನೋಡಿಕೊಂಡು ಇನ್ನೊಂದು ಮಾತಾಡುವುದೂ ಬೇಡವೆನಿಸಿತು. ಕಪಾಟಿನಿಂದ ಹಳೆಯ ವರದಿಗಳ ಎರಡು ಕಾರ್ಬನ್ ಪ್ರತಿ ತೆಗೆದುಕೊಂಡು ನನ್ನ ಬಾಡಿಗೆ ಕೋಣೆಗೆ ಹೋದೆ.

ಮರುದಿನ ಬೆಳಗ್ಗೆ ಮೊದಲ ಬಸ್ಸಿನಲ್ಲಿ ಕಾಪುವಿಗೆ ಹೋದೆ. ರಂಪಣಿ ಎಳೆದು ಆಗಿತ್ತು. ಮೀನಿನ ರಾಶಿಯ ಸುತ್ತ ಬುಟ್ಟಿ ಹಿಡಿದ ಹೆಂಗಸರು. ಹತ್ತು ಮಾರು ಆಚೆ, ಒಬ್ಬರೇ, ಗಿರಿಜಕ್ಕ. ರಸ್ತೆಯ ಬದಿಯಲ್ಲಿ ಸೈಕಲ್ಲು ಹಿಡಿದು ಅದ್ದು ಮತ್ತು ಇನ್ನೂ ಮೂವರು ಬ್ಯಾರಿಗಳು, ದಡಕ್ಕೆ ಇಳಿಯದೆ.

ಅಷ್ಟು ಜನರ ಎದುರು ನಾನು ಅದುವರೆಗೆ ಮಾತಾಡಿದ್ದೇ ಇಲ್ಲ. ಗುರಿಕಾರರ ಹತ್ತಿರ ಹೋಗಿ, ಎಲ್ಲರಿಗೂ ಕೇಳುವಂತೆ ತುಳುವಿನಲ್ಲಿ, “ಪೇಪರಿನಲ್ಲಿ ಬಂದದ್ದು ನಾನು ಬರೆದದ್ದು. ಗಿರಿಜಕ್ಕ ಏನೂ ಹೇಳಿಲ್ಲ. ನಾನೇ ಕಟ್ಟಿ ಬರೆದೆ” ಎಂದೆ.

“ಕಟ್ಟಿ ಬರೆದ್ರಾ? ಸ್ಟವ್, ತಮ್ಮ ಎಲ್ಲ?”

“ನಮ್ಮ ವರದಿ ಹಿಂದಿನ ದಿನವೇ ಬರೆಯುವುದು. ನೋಡಿ.” ಕಾಪುವಿನ ವರದಿಯನ್ನು ಕೊಟ್ಟೆ. ತಾರೀಕು ಪ್ರದರ್ಶನದ ಹಿಂದಿನ ದಿನದ್ದು. ಅದರಲ್ಲಿ ಗುರಿಕಾರರು ಕಣ್ಣೀರು ಹಾಕಿ ಒಬ್ಬ ಬ್ಯಾರಿಯನ್ನು ತಬ್ಬಿಕೊಂಡಿದ್ದರು. ಅವರು ಓದಿದರು. ಕಿವಿ ಕೆಂಪಾಯಿತು.

“ನಾನು ಯಾರನ್ನು ತಬ್ಬಿದ್ದು ಮಾರಾಯ್ತಿ?”

ಎರಡನೆಯ ಪ್ರತಿಯನ್ನು ನಾನೇ ಓದಿದೆ. ಕಾರ್ಕಳ, ಶಾಲೆಯ ಅಂಗಳ, ಬಿರುಸಾದ ಚರ್ಚೆ, ಕೈಕೈ ಹಿಡಿದ ಎರಡು ಕೇರಿ. ರಾಶಿಯ ಬಳಿಯಿಂದ ಒಬ್ಬ ಹೆಂಗಸು ಕೂಗಿದರು: “ಕಾರ್ಕಳದ ಆ ಶಾಲೆಯಾ? ನನ್ನ ತಂಗಿ ಮನೆ ಎದುರೇ! ಆವತ್ತು ಅಲ್ಲಿ ಕರೆಂಟೇ ಇರ್ಲಿಲ್ಲ, ಪಿಚ್ಚರೂ ಇಲ್ಲ ಎಂತದೂ ಇಲ್ಲ!”

ದಡ ಇಡೀ ನಕ್ಕಿತು. “ಎಂ.ಎ. ಕಲಿತದ್ದು ಇದಕ್ಕಾ?” ಎಂದು ಒಬ್ಬರು. “ನಾಳೆಗೆ ನಮಗೆಷ್ಟು ಬಂಗುಡೆ ಸಿಗ್ತದೆ, ಅದನ್ನೂ ಬರೆದಿದ್ದಾರಾ ನೋಡಿ” ಎಂದು ಇನ್ನೊಬ್ಬರು.

ಗುರಿಕಾರರು ಮಾತ್ರ ನಗಲಿಲ್ಲ. ರಸ್ತೆಯ ಕಡೆ ತಿರುಗಿ, “ಓ ಅದ್ದು ಬ್ಯಾರಿ, ಇಲ್ಲಿ ಬನ್ನಿ. ಆವತ್ತು ಪರದೆಯ ಆಚೆ ಇದ್ದದ್ದು ನೀವು. ಗಿರಿಜ ನಿಮಗೆ ಎಂತದಾದ್ರೂ ಹೇಳಿದ್ದು ಉಂಟಾ?” ಎಂದರು.

ಅದ್ದು ಸೈಕಲ್ಲನ್ನು ಮರಕ್ಕೆ ಒರಗಿಸಿ ಮರಳಿಗೆ ಇಳಿದ. ಅವನ ಹಿಂದಿನ ಮೂವರೂ ಅವನನ್ನೇ ನೋಡುತ್ತಿದ್ದರು. ಹೌದು ಎಂದರೆ ಬೆಂಕಿಯ ಅಪವಾದ ಅವರೆಲ್ಲರ ಮೇಲಿಂದ ಹೋಗುತ್ತಿತ್ತು. ನನ್ನ ಮುಖ ನೋಡಿದ. ಗಿರಿಜಕ್ಕನನ್ನು ನೋಡಲಿಲ್ಲ.

“ನಾನು ಪಿಚ್ಚರ್ ನೋಡ್ಲಿಕ್ಕೆ ಬಂದದ್ದು ಗುರಿಕಾರರೇ” ಎಂದ. “ನಮ್ಮ ಬದಿಗೆ ಎಲ್ಲರೂ ಎಡಗೈಯಲ್ಲಿ ಉಣ್ತಿದ್ರು, ಅಷ್ಟೇ ನನಗೆ ಗೊತ್ತಿರುವುದು. ಮೀನು ಉಂಟಾ, ಇಲ್ವಾ? ಬಿಸಿಲೇರಿತು.”

ಗುರಿಕಾರರು ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎರಡೂ ಪ್ರತಿಗಳನ್ನು ಮಡಚಿ ನನ್ನ ಕೈಗೆ ಕೊಟ್ಟು, ರಾಶಿಯ ಬಳಿ ಇದ್ದ ಒಂದು ಬುಟ್ಟಿಯನ್ನು ಕಾಲಿನಿಂದ ಬದಿಗೆ ಸರಿಸಿ ಜಾಗ ಮಾಡಿದರು. “ಗಿರಿಜ, ಎಂತ ನಿಂತದ್ದು? ಬುಟ್ಟಿ ತಾ.”

ಅವರು ತಂದರು. ಮೊದಲ ಹಿಡಿ ಮೀನು ಬಿದ್ದ ಸದ್ದು ನನಗೆ ಕೇಳಿತು. ನಾನು ರಸ್ತೆಗೆ ಹತ್ತಿ, ಎರಡು ವರದಿಗಳನ್ನೂ ಹರಿದು ಚೀಲಕ್ಕೆ ಹಾಕಿಕೊಂಡು, ಮನೆಗೆ ಹೋಗಲು ಕಾರ್ಕಳದ ಬಸ್ಸಿಗೆ ನಿಂತೆ. ಮಣಿಪಾಲಕ್ಕೆ ಹೋಗುವ ಬಸ್ಸು ಮೊದಲು ಬಂತು. ಅದನ್ನು ಹೋಗಲು ಬಿಟ್ಟೆ.